ಮಾವಳದ ಗದ್ದೆಗೆ ಭತ್ತದ ನಾಟಿಗೆ ಹೋಗುವವರಿಗೆ

ಮಾವಳ ಇರುವುದು ಪುಣೆ ಜಿಲ್ಲೆಯಲ್ಲಿ. ಪುಣೆಯಿಂದ ಲೋಣಾವಳಾ ಲೋಕಲ್ ರೈಲು ಹಿಡಿದು ಕಾಮಶೇತ್‌ನಲ್ಲಿ ಇಳಿಯಿರಿ. ಪವನಾ ಕಣಿವೆಯ ಕಡೆ ಶೇರ್ ಜೀಪು ಸಿಗುತ್ತದೆ, ಆದರೆ ಸೀಟು ತುಂಬುವ ತನಕ ಅದು ಅಲ್ಲಾಡುವುದಿಲ್ಲ. ಬೆಳಗ್ಗೆ ಬೇಗ ಹೊರಡುವುದೇ ವಾಸಿ.

ನಾಟಿಯ ತಿಂಗಳು ಸಾಮಾನ್ಯವಾಗಿ ಜುಲೈ. ದಿನ ಗೊತ್ತುಮಾಡುವುದು ಮಾತ್ರ ಮಳೆ. ನೀರು ನಿಂತು ಗದ್ದೆ ಕೆಸರಾಗದೆ ಕೆಲಸ ಶುರುವಾಗದು. ಹಿಂದಿನ ದಿನ ರೈತರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಐದಾರು ಜನಕ್ಕಿಂತ ಹೆಚ್ಚು ಹೋಗಬೇಡಿ: ನಿಮಗೆ ಕಲಿಸಲು ಮನೆಯವರೊಬ್ಬರು ತಮ್ಮ ಕೆಲಸ ಬಿಟ್ಟು ನಿಲ್ಲಬೇಕಾಗುತ್ತದೆ.

ಎಡವಟ್ಟು ಸಸಿಮಡಿಯಲ್ಲೇ ಶುರು. ತುದಿ ಹಿಡಿದು ಜಗ್ಗಿದರೆ ಬೇರು ಹರಿದು ಅಲ್ಲೇ ಉಳಿಯುತ್ತದೆ. ಬುಡದ ಹತ್ತಿರ ನಾಲ್ಕೈದೇ ಸಸಿ ಹಿಡಿದು ಓರೆಯಾಗಿ ಎಳೆಯಿರಿ, ಬೇರಿನ ಮಣ್ಣನ್ನು ನೀರಲ್ಲಿ ಅಲುಗಿಸಿ ತೊಳೆಯಿರಿ. ನೆಡುವಾಗ ಒಂದೊಂದು ಕಡೆ 2–3 ಸಸಿ, ಆಳ 2–3 ಸೆಂಟಿಮೀಟರ್. ಹೊಸಬರು ಹೆಬ್ಬೆರಳು ಮುಳುಗುವಷ್ಟು ಒತ್ತುತ್ತಾರೆ. ಆಳಕ್ಕೆ ಹೋದ ಸಸಿ ತೆಂಡೆ (ಬುಡದ ಹೊಸ ಕವಲು) ಒಡೆಯುವುದು ತಡ. ಹಿಂದೆ ಸರಿಯುತ್ತ ನೆಡಬೇಕು. ಹೆಜ್ಜೆಯ ಗುಂಡಿಯಲ್ಲಿ ನೆಟ್ಟ ಸಸಿ ತೇಲಿಬಿಡುತ್ತದೆ, ಗುಂಡಿಯನ್ನು ಕೈಯಿಂದ ಮುಚ್ಚಿಯೇ ನೆಡಿ. ಗಮ್‌ಬೂಟು ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ, ಬರಿಗಾಲೇ ಸರಿ. ಆದರೆ ಕಾಲಲ್ಲಿ ಗಾಯವಿದ್ದರೆ ಗದ್ದೆಗೆ ಇಳಿಯಲೇಬೇಡಿ, ಇಲಿಜ್ವರದ ಭಯ ಇದ್ದದ್ದೇ.

ನಿಜ ಹೇಳಬೇಕೆಂದರೆ, ಅರ್ಧ ದಿನದ ನಾಟಿಯಿಂದ ರೈತನಿಗೆ ಸಿಗುವ ಸಹಾಯ ಅಷ್ಟಕ್ಕಷ್ಟೆ. ಅವನಿಗೆ ಬೇಕಾದದ್ದು ಅಕ್ಕಿ ಕೊಳ್ಳುವ ಮಾತು, ಅದೂ ಬಿತ್ತನೆಗೆ ಮೊದಲೇ, ಸಾಧ್ಯವಾದರೆ ಸ್ವಲ್ಪ ಮುಂಗಡದ ಜೊತೆ. ದೀಪಾವಳಿ ಕಳೆದ ಮೇಲೆ ಚೀಲ ಹಿಡಿದು ಮತ್ತೆ ಹೋಗಿ. ರೇಟು ಮಾತಾಡುವಾಗ ಒಂದು ಲೆಕ್ಕ ನೆನಪಿರಲಿ: 100 ಕಿಲೋ ಭತ್ತ ಗಿರಣಿಗೆ ಹೋದರೆ ಬರುವ ಅಕ್ಕಿ ಸುಮಾರು 60–65 ಕಿಲೋ. ಭತ್ತದ ದರ ಇಟ್ಟುಕೊಂಡು ಅಕ್ಕಿಗೆ ಚೌಕಾಶಿ ಮಾಡುವುದು ಅನ್ಯಾಯ.

ಇಲ್ಲಿ ಹೆಚ್ಚಾಗಿ ಸಿಗುವುದು ಇಂದ್ರಾಯಣಿ, 1987ರಲ್ಲಿ ಬಿಡುಗಡೆಯಾದ ತಳಿ, ಆಂಬೆಮೋಹರ ಎಂಬ ಹಳೆಯ ಪರಿಮಳದ ತಳಿಯ ಸಂತತಿ. ಅಸಲಿ ಆಂಬೆಮೋಹರ ಎತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತದೆ, ಇಳುವರಿಯೂ ಕಡಿಮೆ. ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ. ಇಂದ್ರಾಯಣಿ ಅಂಟು ಅಕ್ಕಿ: ಚಿತ್ರಾನ್ನಕ್ಕೆ ಹಾಕಿದರೆ ಮುದ್ದೆಯಾಗುತ್ತದೆ, ಹುಗ್ಗಿಗೆ, ಮೊಸರನ್ನಕ್ಕೆ ಅದರಂಥದ್ದಿಲ್ಲ. ಹೊಸ ಅಕ್ಕಿಗೆ ನೀರು ಕಮ್ಮಿ ಇಡಿ. ಪಾಲಿಶ್ ಮಾಡದ್ದಾದರೆ ಎರಡು ತಿಂಗಳಿಗೆ ಸಾಕಾಗುವಷ್ಟೇ ತನ್ನಿ. ತೌಡಿನ ಎಣ್ಣೆಯಿಂದ ಬೇಗ ಕಮಟು ವಾಸನೆ ಬರುತ್ತದೆ. ನಿಮ್ಮ ಹೌಸಿಂಗ್ ಸೊಸೈಟಿಯ ನಾಲ್ಕಾರು ಮನೆಯವರು ಸೇರಿದರೆ ಟೆಂಪೋ ಬಾಡಿಗೆ ಹಂಚಿಕೊಳ್ಳಬಹುದು, ಸಂಜೆಯ ಲೋಕಲ್‌ನಲ್ಲಿ ಮೂಟೆ ಹೊರುವ ಪಾಡು ತಪ್ಪುತ್ತದೆ.