ಟೈಮ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ

"ಇದನ್ನೆಲ್ಲ ನೋಡ್ತಾ ನಿಲ್ಲೋಕೆ ನಿಮಗೆ ಟೈಮ್ ಎಲ್ಲಿ ಸಿಗುತ್ತೆ?"

ಮೋಡ, ಎಲೆ, ಗೋಡೆ ಮೇಲಿನ ಬಿಸಿಲು, ಇಂಥ ಏನನ್ನಾದರೂ ನೋಡುತ್ತಾ ನಿಂತರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಆಗುವುದಿಲ್ಲ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ನನಗೆ ಬೇರೆ ಕೆಲಸವಿಲ್ಲ ಅಂತ ಅವರು ಆಗಲೇ ತೀರ್ಮಾನ ಮಾಡಿಯಾಗಿರುತ್ತದೆ. ಕೆಲಸ ನನಗೂ ಇದೆ. ನಿಮಗಿರುವಷ್ಟೇ ಇದೆ.

ಒಮ್ಮೆ ಆಫೀಸಿನಲ್ಲಿ ಮೀಟಿಂಗ್ ಶುರುವಾಗಲಿ ಅಂತ ಕಾಯುತ್ತಿದ್ದೆವು. ಬರಬೇಕಾದವರು ಬಂದಿರಲಿಲ್ಲ. ಕಿಟಕಿಯಿಂದ ಇಳಿಬಿಸಿಲು ಬಂದು ಗಾಜಿನ ಲೋಟದ ನೀರಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಬಣ್ಣದ ಒಂದು ಪಟ್ಟಿ ಮೂಡಿತ್ತು. ಒಂದು ಅಂಚಿನಲ್ಲಿ ಕೆಂಪು, ಇನ್ನೊಂದರಲ್ಲಿ ನೇರಳೆ. ಯಾರೋ ಮೇಜಿಗೆ ಕೈ ಊರಿದರೆ ಇಡೀ ಪಟ್ಟಿ ನಡುಗುತ್ತಿತ್ತು. "ಸರ್, ಇಲ್ಲಿ ನೋಡಿ" ಅಂದೆ, ಪಕ್ಕದಲ್ಲಿದ್ದ ಹಿರಿಯರಿಗೆ. ಅವರು ಮೊಬೈಲಿನಿಂದ ತಲೆ ಎತ್ತಿದರು. ಪಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಮಗೆ ಕೆಲಸ ಸಾಲ್ತಾ ಇಲ್ಲ ಅನ್ಸುತ್ತೆ. ಇದಕ್ಕೆಲ್ಲ ಟೈಮ್ ಎಲ್ಲಿ ಸಿಗುತ್ತೆ ನಿಮಗೆ?" ಎಲ್ಲರೂ ನಕ್ಕರು. ಅವರು ಮತ್ತೆ ಮೊಬೈಲಿಗೆ ಬಗ್ಗಿದರು.

ಇಬ್ಬರೂ ಕಾಯುತ್ತಾ ಕಳೆದದ್ದು ಅದೇ ಹೊತ್ತು ಅಲ್ವಾ? ಅವರ ಹೊತ್ತಿಗೆ ಯಾರೂ ಲೆಕ್ಕ ಕೇಳಲಿಲ್ಲ. ನನ್ನದಕ್ಕೆ ಮಾತ್ರ ಕೇಳಿದರು. ಇದು ಇವತ್ತಿಗೂ ನನಗೆ ಸರಿ ಅನ್ನಿಸಿಲ್ಲ.

ಲೆಕ್ಕವೇ ಬೇಕಾದರೆ ಕೊಡುತ್ತೇನೆ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನಮ್ಮ ಕಣ್ಣಿಗೆ ಅವನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ಭೂಮಧ್ಯರೇಖೆಯ ಆಸುಪಾಸಿನಲ್ಲಿ, ಕೆಳಗಿನ ಅಂಚು ದಿಗಂತಕ್ಕೆ ತಾಗಿದ ಮೇಲೆ ಪೂರ್ತಿ ಮುಳುಗಲು ಹಿಡಿಯುವುದು ಎರಡು ನಿಮಿಷ ಚಿಲ್ಲರೆ. ಧ್ರುವಗಳ ಕಡೆ ಹೋದಷ್ಟೂ ಓರೆಯಾಗಿ ಇಳಿಯುವುದರಿಂದ ಇನ್ನೂ ಜಾಸ್ತಿ. ಎರಡು ನಿಮಿಷ! ಲಿಫ್ಟ್ ಬರಲಿ ಅಂತ ಅಷ್ಟು ಹೊತ್ತು ಸುಮ್ನೆ ನಿಲ್ಲುತ್ತೇವೆ.

ಆ ಹೊತ್ತಿನ ಕೆಂಪಿಗೆ ಕಾರಣವೂ ಸೊಗಸಾಗಿದೆ. ಸಂಜೆಯ ಬೆಳಕು ನಮ್ಮನ್ನು ತಲುಪುವ ಮೊದಲು ಗಾಳಿಯಲ್ಲಿ ತುಂಬಾ ದೂರ ಹಾದು ಬರಬೇಕು. ದಾರಿಯಲ್ಲೇ ನೀಲಿ ಹೆಚ್ಚಾಗಿ ಚದುರಿಹೋಗುತ್ತದೆ. ಪಶ್ಚಿಮದಲ್ಲಿ ಇನ್ನೂ ಹಗಲಿರುವವರು ತಲೆ ಎತ್ತಿದಾಗ ಕಾಣುವುದು ಹಾಗೆ ಚದುರಿದ ನೀಲಿಯೇ. ನಮಗೆ ಸಿಗದ ಬಣ್ಣ ಅವರ ಆಕಾಶದಲ್ಲಿದೆ. ಇದು ಗೊತ್ತಾದ ಮೇಲೆ ನನಗೆ ಸಂಜೆ ಇನ್ನೂ ಹತ್ತಿರವಾಗಿದೆ.

ಕೆಲಸವಿಲ್ಲದವರು ಮಾತ್ರ ನೋಡುತ್ತಾ ನಿಲ್ಲುತ್ತಾರೆ ಅನ್ನುವವರಿಗೆ ಸಿ.ವಿ. ರಾಮನ್ ನೆನಪಾಗಬೇಕು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಗೆ ಮರುಳಾದರು. ಆಕಾಶದ ಪ್ರತಿಫಲನದಿಂದ ಸಮುದ್ರ ನೀಲಿ ಅನ್ನುವುದು ಆಗಿನ ವಿವರಣೆ. ರಾಮನ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ಮರೆಮಾಡಿ ನೋಡಿದರು. ನೀಲಿ ಹಾಗೇ ಉಳಿದಿತ್ತು. ಬಣ್ಣ ನೀರಿನದ್ದೇ ಅಂತ ಅವರಿಗೆ ಖಾತ್ರಿಯಾಯಿತು. ಆ ಯೋಚನೆ ಮುಂದುವರಿದು 1928ರ ರಾಮನ್ ಪರಿಣಾಮದವರೆಗೆ, ಅಂದರೆ ವಸ್ತುವಿನಲ್ಲಿ ಚದುರಿದ ಬೆಳಕಿನ ಒಂದು ಸಣ್ಣ ಪಾಲಿನ ಬಣ್ಣ ಬದಲಾಗುತ್ತದೆ ಅನ್ನುವ ಶೋಧದವರೆಗೆ ಹೋಯಿತು. 1930ರಲ್ಲಿ ನೊಬೆಲ್ ಬಂತು. ನೊಬೆಲ್ ಬರುತ್ತದೆ ಅಂತ ನೋಡಿ ಅಂದರೆ ನಾನೂ ಆ ಹಿರಿಯರ ಹಾಗೇ ಮಾತಾಡಿದಂತೆ. ನೊಬೆಲ್ ಬರದಿದ್ದರೂ ಆ ನೀಲಿ ನೋಡತಕ್ಕದ್ದೇ.

ಹಾಗಂತ ಟೈಮ್ ಇಲ್ಲ ಅನ್ನುವ ಎಲ್ಲರ ಮೇಲೂ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ಕಾಯಿಲೆಯವರನ್ನು ನೋಡಿಕೊಂಡು ಬೆಳಿಗ್ಗೆ ಕೆಲಸಕ್ಕೆ ಓಡುವವರಿದ್ದಾರೆ. ಅವರಿಗೆ ಬೇಕಾಗಿರುವುದು ನಿದ್ದೆ, ಜೊತೆಗೆ ಕೈಜೋಡಿಸುವ ಇನ್ನೊಬ್ಬರು. ಅಂಥವರ ಮುಂದೆ ನಿಂತು ಕಾಮನಬಿಲ್ಲಿನ ಚಂದ ವರ್ಣಿಸುವುದು ಕ್ರೂರ. ಬಾಯಿ ಮುಚ್ಚಿಕೊಂಡು ಅವರ ಕೆಲಸದಲ್ಲಿ ಒಂದಿಷ್ಟು ನಾವು ಮಾಡಬೇಕು.

ಉಳಿದವರು ಟೈಮ್ ವಿಷಯ ಬಿಟ್ಟು ಇನ್ನೊಂದನ್ನು ಕೇಳಲಿ ಅಂತ ನನಗೆ ತುಂಬಾ ಆಸೆ. "ಏನು ಕಾಣಿಸ್ತು?" ಅಂತ. ಮಕ್ಕಳು ಹಾಗೇ ಕೇಳುತ್ತಾರೆ. ಕೇಳಿ, ನಾವು ನೋಡುತ್ತಿದ್ದ ಕಡೆಗೇ ಕತ್ತು ತಿರುಗಿಸುತ್ತಾರೆ.

ಯಾರೂ ಕೇಳದಿದ್ದರೂ ಒಂದನ್ನು ಹೇಳಿಬಿಡುತ್ತೇನೆ. ಬಿಸಿಲಿನ ಹೊತ್ತಿನಲ್ಲಿ ದೊಡ್ಡ ಮರದ ನೆರಳಲ್ಲಿ ನೆಲ ನೋಡಿ. ಅಲ್ಲಲ್ಲಿ ದುಂಡನೆಯ ಬೆಳಕಿನ ಚುಕ್ಕೆಗಳು ಇರುತ್ತವೆ. ಎಲೆಗಳ ಸಂದು ಮಾತ್ರ ದುಂಡಗಿರುವುದಿಲ್ಲ, ಹೇಗೆ ಬೇಕೋ ಹಾಗೆ ಹರಿದಂತಿರುತ್ತದೆ. ಮತ್ತೆ ಚುಕ್ಕೆ ಯಾಕೆ ದುಂಡಗೆ? ಯಾಕಂದರೆ ಅದು ಸೂರ್ಯನ ಚಿತ್ರ. ಒಂದೊಂದು ಸಣ್ಣ ಸಂದೂ ಸೂಜಿತೂತಿನ ಕ್ಯಾಮೆರಾದಂತೆ ಸೂರ್ಯನನ್ನು ನೆಲಕ್ಕೆ ಇಳಿಸುತ್ತದೆ. ಬಿಸಿಲು ಓರೆಯಾಗಿದ್ದರೆ ಚುಕ್ಕೆ ಉದ್ದಕ್ಕೆ ಎಳೆದಂತಾಗುತ್ತದೆ. ಪಾರ್ಶ್ವ ಸೂರ್ಯಗ್ರಹಣದ ದಿನ ಅದೇ ಮರದ ಕೆಳಗೆ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ನೆಲಕ್ಕೆ ತೀರಾ ಹತ್ತಿರದ ಎಲೆಗಳಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸಂದಿನ ಆಕಾರವೇ ಬೀಳುತ್ತದೆ. ಕೆಳಗಿನ ಕೊಂಬೆ, ಮೇಲಿನ ಕೊಂಬೆ ಎರಡೂ ಇರುವ ಮರ ಸಿಕ್ಕರೆ ಒಂದೇ ಜಾಗದಲ್ಲಿ ನಿಂತು ಎರಡನ್ನೂ ಹುಡುಕಬಹುದು.