ಲಂಡನ್ ನ್ಯಾಷನಲ್ ಗ್ಯಾಲರಿ: ನೆಲ್ಸನ್‌ನ ಬೆನ್ನ ಹಿಂದೆ ಒಂದು ಸಂಜೆ

ಮೊದಲ ಸಲ ನ್ಯಾಷನಲ್ ಗ್ಯಾಲರಿಗೆ ಹೋದಾಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬೆಳಿಗ್ಗೆ ಹತ್ತಕ್ಕೆ ಒಳಹೊಕ್ಕು, ಒಂದನ್ನೂ ಬಿಡಬಾರದೆಂದು ಕೋಣೆಯಿಂದ ಕೋಣೆಗೆ ಓಡಿದೆ. ಅಲ್ಲಿನ ಸಂಗ್ರಹ 2,300 ಚಿತ್ರಗಳನ್ನು ಮೀರಿದ್ದು. ಎರಡು ಗಂಟೆಯ ಹೊತ್ತಿಗೆ ಮೇರಿ ಮಾತೆಯರೆಲ್ಲ ಒಂದೇ ಥರ ಕಾಣತೊಡಗಿದ್ದರು, ಪಾದ ಉರಿಯುತ್ತಿತ್ತು. ಎರಡು ದಿನ ಬಿಟ್ಟು ಶುಕ್ರವಾರ ಸಂಜೆ ಮತ್ತೆ ಹೋದೆ, ನಾಲ್ಕೇ ಚಿತ್ರ ನೋಡಿದೆ. ನೀವು ಹೋಗುವುದಾದರೆ ಹೀಗೇ ಹೋಗಿ.

ಪ್ರವೇಶ ಉಚಿತವಾದ್ದರಿಂದ ಎರಡು ಸಲ ಹೋದರೂ ನಷ್ಟವಿಲ್ಲ. ಟಿಕೆಟ್ ಬೇಕಾಗುವುದು ವಿಶೇಷ ಪ್ರದರ್ಶನಗಳಿಗೆ. ನಿತ್ಯ ಬೆಳಿಗ್ಗೆ 10ರಿಂದ ಸಂಜೆ 6, ಶುಕ್ರವಾರ ಮಾತ್ರ ರಾತ್ರಿ 9ರವರೆಗೆ. ಡಿಸೆಂಬರ್ 24ರಿಂದ 26 ಮತ್ತು ಜನವರಿ 1ರಂದು ರಜೆ. ಕಂಬಸಾಲಿನ ಹಳೆಯ ಮುಂಬಾಗಿಲಿಗೆ ಮರುಳಾಗಬೇಡಿ. 2025ರ ಮೇ ತಿಂಗಳಲ್ಲಿ ನವೀಕರಣಗೊಂಡು ತೆರೆದ ಸೇನ್ಸ್‌ಬರಿ ವಿಂಗ್ ಈಗ ಮುಖ್ಯದ್ವಾರ. ಎದುರಿನ ಟ್ರಫಾಲ್ಗರ್ ಚೌಕದಿಂದ ನೋಡುವವರಿಗೆ ಅದು ಎಡತುದಿಯಲ್ಲಿದೆ. ಚೀಲ ತಪಾಸಣೆ ಇರುತ್ತದೆ. ಚಿತ್ರಗಳ ಮೇಲೆ ಸೂಪ್ ಎರಚಿದ ಘಟನೆಗಳಾದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ದ್ರವಪದಾರ್ಥ ಒಯ್ಯುವುದನ್ನು ನಿಷೇಧಿಸಿದರು. ಮಗುವಿನ ಹಾಲಿಗೆ, ವೈದ್ಯರು ಬರೆದುಕೊಟ್ಟ ಔಷಧಿಗೆ ವಿನಾಯಿತಿ. ಇದನ್ನು ಓದಿಯೂ ಮರೆತ ನಾನು ಸಾಲಿನಲ್ಲಿ ನಿಂತೇ ಒಂದು ಲೀಟರ್ ನೀರು ಕುಡಿದು ಮುಗಿಸಿದೆ.

ಒಳಗೆ ಮೊದಲು ವ್ಯಾನ್ ಐಕ್‌ನ ಅರ್ನೊಲ್ಫಿನಿ ದಂಪತಿಯ ಚಿತ್ರ ಹುಡುಕಿ. 1434ರದು, ನಾವು ಊಹಿಸಿಕೊಂಡದ್ದಕ್ಕಿಂತ ತೀರ ಚಿಕ್ಕದು. ದಂಪತಿಯ ನಡುವೆ, ಹಿಂಗೋಡೆಯಲ್ಲಿ ಒಂದು ಉಬ್ಬುಗನ್ನಡಿ ಇದೆ. ಅದರಲ್ಲಿ ಅವರ ಬೆನ್ನು, ಅದರಾಚೆ ಬಾಗಿಲಲ್ಲಿ ನಿಂತ ಇನ್ನಿಬ್ಬರು. ಕನ್ನಡಿಯ ಮೇಲ್ಗಡೆ ಸುರುಳಿ ಅಕ್ಷರಗಳಲ್ಲಿ ಕಲಾವಿದ, ತಾನು ಇಲ್ಲಿದ್ದೆ ಎಂದು ಬರೆದುಕೊಂಡಿದ್ದಾನೆ. ಹೋಲ್ಬೈನ್‌ನ ‘ರಾಯಭಾರಿಗಳು’ (1533) ಚಿತ್ರದ ಮುಂದೆ ಎಲ್ಲರೂ ನಡುವೆ ನಿಲ್ಲುತ್ತಾರೆ; ಕೆಳಗೆ ಓರೆಯಾಗಿ ಚಾಚಿರುವ ಬೂದು ಆಕಾರ ಏನೆಂದು ತಿಳಿಯದೆ ಮುಂದೆ ಸಾಗುತ್ತಾರೆ. ನೀವು ಬಲಗಡೆಗೆ ಸರಿದು, ಗೋಡೆಗೆ ಹತ್ತಿರವಾಗಿ, ಓರೆಗಣ್ಣಿನಿಂದ ನೋಡಿ. ಅದು ತಲೆಬುರುಡೆ. ವ್ಯಾನ್ ಗೋನ ಸೂರ್ಯಕಾಂತಿಗಳ ಮುಂದೆ ಹೂಗಳಿಗಿಂತ ಮೊಬೈಲುಗಳೇ ಹೆಚ್ಚು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಚಿತ್ರಗಳನ್ನು ಆಗಾಗ ಸ್ಥಳಾಂತರಿಸುತ್ತಾರೆ, ಬೇರೆ ಊರಿನ ಪ್ರದರ್ಶನಕ್ಕೂ ಕಳಿಸುತ್ತಾರೆ. ಹಾಗಾಗಿ ಬಾಗಿಲಲ್ಲೇ ಕೋಣೆಯ ಸಂಖ್ಯೆ ಕೇಳಿಕೊಳ್ಳಿ.

ನಾಲ್ಕನೆಯದು ಟರ್ನರ್‌ನ ‘ಫೈಟಿಂಗ್ ಟೆಮೆರೇರ್’. ಇದನ್ನು ಕೊನೆಗೇ ಇಟ್ಟುಕೊಳ್ಳಿ, ಕಾರಣವಿದೆ. ಫ್ರಾನ್ಸ್ ಮತ್ತು ಸ್ಪೇನ್ ನೌಕಾಪಡೆಗಳ ವಿರುದ್ಧ ನಡೆದ 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಹಡಗು ‘ವಿಕ್ಟರಿ’ಯ ಬೆನ್ನಿಗೇ ನುಗ್ಗಿ ಕಾದಾಡಿದ ಹಡಗು ಇದು. 1838ರಲ್ಲಿ ಅದನ್ನು ಒಡೆದು ಮಾರಲು ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋದರು. ಆ ಹೊತ್ತಿಗೆ ಪಟಸ್ತಂಭಗಳನ್ನು ಕಳಚಿಯಾಗಿತ್ತು. ಟರ್ನರ್ ಮಾತ್ರ ಅವನ್ನೆಲ್ಲ ಮರಳಿ ನಿಲ್ಲಿಸಿ, ಹಡಗನ್ನು ಬೆಳ್ಳಗೆ, ದೆವ್ವದಂತೆ ಬರೆದ. ಮುಂದೆ ಹೊಗೆಯುಗುಳುವ ಕಪ್ಪು ಉಗಿದೋಣಿ. ನಿಮ್ಮ ಬಳಿ 20 ಪೌಂಡಿನ ನೋಟಿದ್ದರೆ ತೆಗೆದು ನೋಡಿ. ಟರ್ನರ್‌ನ ಮುಖದ ಜೊತೆ ಈ ಹಡಗೂ ಅದರಲ್ಲಿದೆ.

ಈಗ ಹೊರಗೆ ಬಂದು ಹಳೆಯ ಕಂಬಸಾಲಿನ ಮುಂದೆ ನಿಲ್ಲಿ. ಎದುರಿಗೆ ಟ್ರಫಾಲ್ಗರ್ ಚೌಕ, ನಡುವೆ ಸುಮಾರು 52 ಮೀಟರ್ ಎತ್ತರದ ಕಂಬ, ತುದಿಯಲ್ಲಿ ನೆಲ್ಸನ್. ನಮಗೆ ಕಾಣುವುದು ಅವನ ಬೆನ್ನು, ಮುಖ ದಕ್ಷಿಣಕ್ಕಿದೆ. ಬಹುತೇಕರು ಇಲ್ಲಿಂದಲೇ ಒಂದು ಸೆಲ್ಫಿ ತೆಗೆದುಕೊಂಡು, ಸಿಂಹವೊಂದರ ಬಳಿ ಹೋಗಿ ಮರಳುತ್ತಾರೆ. ಸಿಂಹಗಳು 1867ರವು, ಮಾಡಿದ ಲ್ಯಾಂಡ್‌ಸೀರ್ ಮೂಲತಃ ಚಿತ್ರಕಾರ. ಮುಂಗಾಲು ಚಾಚಿ ಮಲಗಿದ ಭಂಗಿ ನನಗಂತೂ ಸಾಕುನಾಯಿಯದೆನಿಸಿತು.

ಚೌಕದ ನಾಲ್ಕು ಮೂಲೆಗಳಲ್ಲಿ ಪ್ರತಿಮೆಗಳ ಪೀಠಗಳಿವೆ; ನಮ್ಮವರು ತಪ್ಪದೆ ನೋಡಬೇಕಾದವು ದಕ್ಷಿಣದ ಎರಡು. ಒಂದರಲ್ಲಿ 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್, ಇನ್ನೊಂದರಲ್ಲಿ 1857ರ ದಂಗೆ ಹತ್ತಿಕ್ಕಲು ಕಾನ್ಪುರ, ಲಖನೌಗೆ ದಂಡೆತ್ತಿ ಹೋದ ಹ್ಯಾವ್‌ಲಾಕ್. ನಮ್ಮ ಶಾಲಾ ಪುಸ್ತಕದ ಖಳರು ಇಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾರೆ, ಹೆಚ್ಚಿನವರು ತಲೆಯೆತ್ತಿಯೂ ನೋಡುವುದಿಲ್ಲ. ವಾಯವ್ಯದ ನಾಲ್ಕನೆಯ ಪೀಠಕ್ಕೆ ಪ್ರತಿಮೆ ಮಾಡಿಸಲು ಹಣ ಸಾಲದೆ ಒಂದೂವರೆ ಶತಮಾನ ಖಾಲಿ ಉಳಿದಿತ್ತು. 1999ರಿಂದ ಸಮಕಾಲೀನ ಕಲಾಕೃತಿಗಳು ಸರದಿಯ ಮೇಲೆ ಬಂದು ಹೋಗುತ್ತಿವೆ.

ಹಸಿವಾದರೆ ಚೌಕದ ಪಕ್ಕದ ಸೇಂಟ್ ಮಾರ್ಟಿನ್ ಚರ್ಚಿನ ನೆಲಮಾಳಿಗೆಯಲ್ಲಿ ಉಪಾಹಾರಗೃಹವಿದೆ. ಇಟ್ಟಿಗೆಯ ಕಮಾನುಗಳ ಕೆಳಗೆ, ಹೆಸರು ಕೊರೆದ ಸಮಾಧಿ ಕಲ್ಲುಗಳ ಮೇಲೆ ಮೇಜು ಹಾಕಿದ್ದಾರೆ. ಕುರ್ಚಿ ಎಳೆಯಲು ಮೊದಲು ಸ್ವಲ್ಪ ಅಳುಕಾಯಿತು, ಸೂಪ್ ಬಂದ ಮೇಲೆ ಮರೆತುಹೋಯಿತು.

ಹೊರಡುವ ಮುನ್ನ ಕಂಬದ ದಕ್ಷಿಣ ಬದಿಗೆ ಸುತ್ತು ಹಾಕಿ. ಬುಡದ ಕಂಚಿನ ಫಲಕದಲ್ಲಿ ಟ್ರಫಾಲ್ಗರ್ ಕದನವಿದೆ: ಗುಂಡು ತಗುಲಿದ ನೆಲ್ಸನ್, ಸುತ್ತ ಅವನ ನಾವಿಕರು. ಒಳಗೆ ಟರ್ನರ್ ಬರೆದ ಕಥೆಯ ಆರಂಭ ಇಲ್ಲಿದೆ. ಅಲ್ಲಿಂದ ಚೇರಿಂಗ್ ಕ್ರಾಸ್ ಮೆಟ್ರೊ ನಿಲ್ದಾಣ ಎರಡು ನಿಮಿಷದ ನಡಿಗೆ. ಬಸ್ಸು ಬೇಕೆಂದರೆ ಚೌಕದ ಸುತ್ತಲೇ ಸಿಗುತ್ತದೆ, ಬ್ಯಾಂಕ್ ಕಾರ್ಡ್ ಕೈಯಲ್ಲಿರಲಿ. ಲಂಡನ್ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಟೆಮೆರೇರ್ ಇರುವ ನೋಟನ್ನೂ.