ಹನ್ನೊಂದು ಸ್ಥಳಗಳ ಪಟ್ಟಿ, ಕಾಣದ ಕಡಲು

ಮಂಗಳೂರಿನ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊರಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ವಾಹನ ಗೊತ್ತುಮಾಡುವುದು, ದಿನದ ವೇಳಾಪಟ್ಟಿ ಬರೆದುಕೊಡುವುದು, ಅವರು ಬಯಸಿದರೆ ಜೊತೆಗೆ ಹೋಗಿ ಸ್ಥಳಗಳ ವಿವರ ಹೇಳುವುದು ನನ್ನ ಪಾಲಿನ ಕೆಲಸ. ಸೇರಿದ ಎರಡನೆಯ ವರ್ಷ ನಾನೇ ಬಹಳ ಹೆಮ್ಮೆಯಿಂದ ತಯಾರಿಸಿದ ಒಂದು ವೇಳಾಪಟ್ಟಿಯ ಪ್ರತಿ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅದರ ತಲೆಬರಹ ‘ಒಂದೇ ದಿನದಲ್ಲಿ ಹನ್ನೊಂದು ಸ್ಥಳ’ ಎಂದು.

ಪಿಲಿಕುಳ, ಕುದ್ರೋಳಿ, ಕದ್ರಿ, ಮಂಗಳಾದೇವಿ, ಸಂತ ಅಲೋಶಿಯಸ್ ಚಾಪೆಲ್, ಮಿಲಾಗ್ರಿಸ್ ಚರ್ಚ್, ಸುಲ್ತಾನ್ ಬತ್ತೇರಿ, ಸೋಮೇಶ್ವರ, ಸುರತ್ಕಲ್ ದೀಪಸ್ತಂಭ, ಪಣಂಬೂರು, ಕೊನೆಗೆ ಸೂರ್ಯಾಸ್ತಕ್ಕೆ ತಣ್ಣೀರುಬಾವಿ. ಕಾಗದದ ಮೇಲೆ ಸೋಮೇಶ್ವರದ ಕೆಳಗಿನ ಸಾಲಿನಲ್ಲೇ ಸುರತ್ಕಲ್ ಇತ್ತು. ನೆಲದ ಮೇಲೆ ಸೋಮೇಶ್ವರ ನೇತ್ರಾವತಿಯ ದಕ್ಷಿಣಕ್ಕಿದೆ, ಸುರತ್ಕಲ್ ಊರಿನ ಉತ್ತರದ ತುದಿಯಲ್ಲಿದೆ. ನಡುವೆ ಸೇತುವೆ, ಪಂಪ್‌ವೆಲ್ ವೃತ್ತ, ಹೆದ್ದಾರಿಯ ಲಾರಿಗಳ ಸಾಲು ಸೇರಿ ಸುಮಾರು 30 ಕಿಲೋಮೀಟರ್ ದಾರಿ. ಇದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ಪಟ್ಟಿ ಬರೆಯುವಾಗ ನೆನಪಾಗಲಿಲ್ಲ, ಏಕೆಂದರೆ ಪಕ್ಕದ ಕಚೇರಿಯವರು ಒಂಬತ್ತು ಸ್ಥಳ ತೋರಿಸುತ್ತಾರೆಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

ಆ ಪಟ್ಟಿಯನ್ನು ಹಿಡಿದು ಡಿಸೆಂಬರ್ ತಿಂಗಳಿನ ಒಂದು ಸೋಮವಾರ ಬಾಗಲಕೋಟೆ ಕಡೆಯ ಹನ್ನೆರಡು ಮಂದಿಯ ಕುಟುಂಬದೊಂದಿಗೆ ಹೊರಟೆ. ಟೆಂಪೊ ಟ್ರಾವೆಲರ್ ಓಡಿಸುತ್ತಿದ್ದವರು ನಮ್ಮ ಕಚೇರಿಯ ಅತ್ಯಂತ ಹಿರಿಯ ಚಾಲಕರು. ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಇದು ಇವತ್ತಿಗೆ ಮುಗಿಯುವುದಿಲ್ಲ ಮೇಡಂ” ಎಂದಷ್ಟೇ ಹೇಳಿ ಗಾಡಿ ಚಾಲೂ ಮಾಡಿದರು.

ಮೊದಲ ಪೆಟ್ಟು ಪಿಲಿಕುಳದ ಗೇಟಿನಲ್ಲೇ ಬಿತ್ತು. ಸೋಮವಾರ ಅಲ್ಲಿಯ ಮೃಗಾಲಯಕ್ಕೆ ರಜೆ ಎಂಬುದು ಊರಿನ ಶಾಲಾ ಮಕ್ಕಳಿಗೂ ಗೊತ್ತಿರುವ ವಿಷಯ. ಹೋಗಿ ಬರುವುದರಲ್ಲಿ ಒಂದು ಗಂಟೆಗಿಂತ ಹೆಚ್ಚು ಕಳೆಯಿತು. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ ಕುಟುಂಬದ ಹಿರಿಯರು ನಾರಾಯಣ ಗುರುಗಳ ಬಗ್ಗೆಯೂ 1912ರ ಪ್ರತಿಷ್ಠೆಯ ಬಗ್ಗೆಯೂ ಆಸಕ್ತಿಯಿಂದ ಕೇಳತೊಡಗಿದಾಗ ನಾನು ಉತ್ತರಿಸುತ್ತಲೇ ಕೈಗಡಿಯಾರ ನೋಡುತ್ತಿದ್ದೆ. ಕದ್ರಿಯಲ್ಲಿ ಮಂಜುನಾಥನ ದರ್ಶನವೇನೋ ಆಯಿತು. ಆದರೆ ಆ ದೇವಸ್ಥಾನದ ನಿಜವಾದ ಬೆರಗಾದ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ, ಆಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವನ್ನು ಪೀಠದಲ್ಲೇ ಹೊತ್ತಿರುವ ಆ ಮೂರ್ತಿಯ ಮುಂದೆ, ನಾನು ಅವರಿಗೆ ಕೊಟ್ಟದ್ದು ಎರಡು ನಿಮಿಷ. ಮಂಗಳಾದೇವಿಗೆ ತಲುಪುವಷ್ಟರಲ್ಲಿ ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿತ್ತು. ಊಟ ತಡವಾಯಿತು. ಚಾಪೆಲ್ಲಿನಲ್ಲಿ, ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಸಹೋದರರು ಗೋಡೆ ಮತ್ತು ಚಾವಣಿಯ ತುಂಬ ಬಿಡಿಸಿದ ಚಿತ್ರಗಳನ್ನು ತಲೆಯೆತ್ತಿ ನೋಡುತ್ತ ನಿಂತಿದ್ದ ಒಬ್ಬ ಹುಡುಗನನ್ನು ನಾನು ಭುಜ ಮುಟ್ಟಿ ಹೊರಗೆ ಕರೆದುಕೊಂಡು ಬಂದೆ. ಈ ಇಡೀ ದಿನದಲ್ಲಿ ನನಗೆ ಹೆಚ್ಚು ನಾಚಿಕೆ ತರುವ ಗಳಿಗೆಗಳಲ್ಲಿ ಅದೂ ಒಂದು.

ಡಿಸೆಂಬರಿನಲ್ಲಿ ನಮ್ಮಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಿನಲ್ಲಾದರೆ ಇನ್ನೂ ಮುಕ್ಕಾಲು ಗಂಟೆ ಸಿಗುತ್ತದೆ. ನನ್ನ ಪಟ್ಟಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ. ಸೋಮೇಶ್ವರ, ಸುರತ್ಕಲ್, ಪಣಂಬೂರು ಮೂರನ್ನೂ ಬಿಟ್ಟು, ಕೂಳೂರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದು, ನಾವು ತಣ್ಣೀರುಬಾವಿಗೆ ತಲುಪಿದಾಗ ಏಳು ಗಂಟೆ ದಾಟಿತ್ತು. ಗಾಳಿಮರಗಳ ನಡುವೆ ಕತ್ತಲು ಗಟ್ಟಿಯಾಗಿತ್ತು. ದೂರದಲ್ಲಿ ಲಂಗರು ಹಾಕಿದ ಹಡಗುಗಳ ದೀಪಗಳನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕುಟುಂಬದ ಅಜ್ಜಿಗೆ ಎಪ್ಪತ್ತು ದಾಟಿತ್ತು, ಅವರು ಮರಳಿನ ಮೇಲೆ ನಾಲ್ಕು ಹೆಜ್ಜೆಯಿಟ್ಟು ನಿಂತು ನನ್ನನ್ನು ಕೇಳಿದರು: “ಯವ್ವಾ, ಸಪ್ಪಳ ಕೇಳತೈತಿ, ಸಮುದ್ರ ಕಾಣವಲ್ದು.”

ಅವರು ಅದುವರೆಗೆ ಸಮುದ್ರ ನೋಡಿರಲಿಲ್ಲ. ಆ ಪ್ರವಾಸ ಗೊತ್ತಾದದ್ದೇ ಅವರಿಗೆ ಸಮುದ್ರ ತೋರಿಸಲೆಂದು ಎಂಬ ಸಂಗತಿಯನ್ನು ಅವರ ಮಗ ವಾಹನಕ್ಕೆ ಹಿಂತಿರುಗುವಾಗ ಹೇಳಿದರು. ದೂರಿನ ಧ್ವನಿ ಅವರದಾಗಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಗೊತ್ತುಮಾಡುವಾಗ ಅವರು ನಮಗೆ ಹೇಳಿರಲಿಲ್ಲ, ನಿಜ. ಆದರೆ ನಾನು ಕೇಳಿರಲೂ ಇಲ್ಲ. ಎಷ್ಟು ಜನ, ಏಸಿ ಬೇಕೆ, ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳಿ ಅರ್ಜಿ ತುಂಬಿಸಿದ್ದೆ.

ಮರುದಿನ ಬೆಳಗ್ಗೆ ಅವರು ಧರ್ಮಸ್ಥಳಕ್ಕೆ ಹೊರಡುವವರಿದ್ದರು. ರಾತ್ರಿ ಚಾಲಕರೇ ಫೋನು ಮಾಡಿ, “ಆರೂವರೆಗೆ ಹೊರಡಿಸಿ ಮೇಡಂ, ಪಣಂಬೂರಿಗೆ ಹೋಗಿಯೇ ಹೋಗುವ” ಎಂದರು. ದಾರಿ ತಿರುಗಿಸಿದ್ದಕ್ಕೆ ಡೀಸೆಲ್ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯಲ್ಲೇ ಒಪ್ಪಿದೆ. ಬೆಳಕು ಹರಿಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಅಲೆ ಬಹಳ ಸಣ್ಣದಾಗಿತ್ತು. ಅಜ್ಜಿ ಪಾದ ಮುಳುಗುವಷ್ಟು ನೀರಿನಲ್ಲಿ, ಮೊಮ್ಮಗಳ ಕೈ ಹಿಡಿದು, ತುಂಬ ಹೊತ್ತು ನಿಂತರು. ಆಮೇಲೆ ನನ್ನತ್ತ ತಿರುಗಿ, “ಇದು ಯಾವ ಕಡೆ ಹರೀತೈತಿ?” ಎಂದು ಕೇಳಿದರು.

ಘಟಪ್ರಭೆಯ ದಂಡೆಯಲ್ಲಿ ಬದುಕಿದವರಿಗೆ ನೀರೆಂದರೆ ಹರಿಯುವ ದಿಕ್ಕೊಂದು ಇರಲೇಬೇಕು. ಅವರ ಘಟಪ್ರಭೆ ಹುಟ್ಟುವುದು ನಮ್ಮ ಕಡೆಯ ಪಶ್ಚಿಮ ಘಟ್ಟದಲ್ಲೇ ಆದರೂ ಪೂರ್ವಕ್ಕೆ ತಿರುಗಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಈ ಕಡಲಿಗೆ ಅದರ ಒಂದು ಹನಿಯೂ ಬರುವುದಿಲ್ಲ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಸಮುದ್ರ ಹರಿಯುವುದಿಲ್ಲ ಅಜ್ಜಿ, ಅಲ್ಲೇ ಇರುತ್ತದೆ ಎಂದೂ ಹೇಳಿದೆ. ಇದಂತೂ ತಪ್ಪೇ ಆಗಿತ್ತು.

ತಪ್ಪೆಂದು ತಿಳಿದದ್ದು ಕೆಲವು ತಿಂಗಳ ನಂತರ, ಕಡಲತೀರದ ಜೀವರಕ್ಷಕರೊಬ್ಬರೊಂದಿಗೆ ಚಹಾ ಕುಡಿಯುತ್ತ ಈ ಪ್ರಸಂಗ ಹೇಳಿದಾಗ. ಅವರು ನಗಲಿಲ್ಲ. ಅಜ್ಜಿ ಸರಿಯಾದ ಪ್ರಶ್ನೆ ಕೇಳಿದ್ದಾರೆ, ಇಲ್ಲಿಗೆ ಬರುವ ಹುಡುಗರು ಅದನ್ನು ಕೇಳುವುದೇ ಇಲ್ಲ ಎಂದರು. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕಲ್ಲ. ಅದು ಎಲ್ಲ ಕಡೆಯೂ ಸಮನಾಗಿ ಹೋಗದೆ, ಮರಳದಿಣ್ಣೆಗಳ ನಡುವೆ ತಗ್ಗಿರುವಲ್ಲಿ ಒಟ್ಟುಗೂಡಿ, ಇಕ್ಕಟ್ಟಾದ ಹೊಳೆಯಂತೆ ಕಡಲಿನ ಕಡೆಗೆ ನುಗ್ಗುತ್ತದೆ. ಆ ಜಾಗದಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ. ನೊರೆ ಇರುವುದಿಲ್ಲ. ಎರಡೂ ಬದಿಗಳಲ್ಲಿ ಅಬ್ಬರವಿದ್ದು ನಡುವೆ ಮಾತ್ರ ಶಾಂತವಾಗಿ ಕಾಣುವ ಆ ಜಾಗವನ್ನೇ, ಬಾವಿ ಮತ್ತು ಕೆರೆಗಳಲ್ಲಿ ಈಜು ಕಲಿತವರು ಸುರಕ್ಷಿತವೆಂದು ಆರಿಸಿಕೊಳ್ಳುತ್ತಾರೆ. ಕೆರೆಯಲ್ಲಿ ಶಾಂತ ನೀರು ಎಂದರೆ ಭಯವಿಲ್ಲದ ನೀರು. ಇಲ್ಲಿ ಅದರ ಅರ್ಥ ಬೇರೆ. ಸೆಳೆತಕ್ಕೆ ಸಿಕ್ಕಿದವರು ದಡವನ್ನೇ ನೋಡುತ್ತ ಎದುರು ಈಜಿದರೆ ಸೋತುಹೋಗುತ್ತಾರೆ. ಗಾಬರಿಯಾಗದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಕೆಲವೇ ಮಾರು ದೂರದಲ್ಲಿ ಆ ಸೆಳೆತದಿಂದ ಹೊರಬೀಳಬಹುದು.

ಬಾಗಲಕೋಟೆ, ವಿಜಯಪುರ, ಚಿತ್ರದುರ್ಗದಿಂದ ಬರುವ ಯುವಕರ ಗುಂಪುಗಳಲ್ಲಿ ಚೆನ್ನಾಗಿ ಈಜು ಬಲ್ಲವರೇ ನನಗೆ ಈಗ ಹೆಚ್ಚು ಆತಂಕ ತರುತ್ತಾರೆ. ಈಜು ಬಾರದವರು ಮೊಣಕಾಲಿನ ಮಟ್ಟ ದಾಟುವುದಿಲ್ಲ. ಸೋಮೇಶ್ವರದಲ್ಲಿ ಒಮ್ಮೆ ಹೀಗೆಯೇ ಒಬ್ಬ ಹುಡುಗ, ದೇವಸ್ಥಾನದ ಕೆಳಗಿನ ಬಂಡೆಗಳ ಪಕ್ಕದ ನೀರು ಕೊಳದಂತಿದೆ ಎಂದು ಅಂಗಿ ಬಿಚ್ಚಿ ಹೊರಟಿದ್ದ. ಬಂಡೆಗಳ ನಡುವೆ ನುಗ್ಗಿದ ಅಲೆ ಹಿಂದಿರುಗುವಾಗ ಎಳೆಯುವ ಬಗೆ ಮರಳ ತೀರಕ್ಕಿಂತಲೂ ಕೆಟ್ಟದ್ದು; ಪಾಚಿ ಕಟ್ಟಿದ ಕಲ್ಲಿನ ಮೇಲೆ ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲಿದ್ದ ಎಳನೀರಿನಂಗಡಿಯ ಹೆಂಗಸು ಜೋರಾಗಿ ಗದರಿಸಿದ್ದರಿಂದ ಆತ ನಿಂತ. ನಾನು ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ. ಅಂದಿನಿಂದ ಈ ಮಾತುಗಳನ್ನು ಕಡಲತೀರದಲ್ಲಿ ಇಳಿದ ಮೇಲಲ್ಲ, ವಾಹನದೊಳಗೆ, ಬಾಗಿಲು ತೆರೆಯುವ ಮೊದಲೇ ಹೇಳುತ್ತೇನೆ. ನೀರು ಕಂಡ ಮೇಲೆ ಯಾರೂ ಮಾತು ಕೇಳಿಸಿಕೊಳ್ಳುವುದಿಲ್ಲ.

ಆ ಜೀವರಕ್ಷಕರಿಂದಲೇ ಕಲಿತ ಇನ್ನೊಂದು ಸಂಗತಿ ನನ್ನ ವೇಳಾಪಟ್ಟಿಯನ್ನು ಪೂರ್ತಿ ತಲೆಕೆಳಗು ಮಾಡಿತು. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಬೆಳಗಿನ ಕಡಲು ಸಾಮಾನ್ಯವಾಗಿ ತಣ್ಣಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಕಡಲಿನಿಂದ ಗಾಳಿ ಬೀಸತೊಡಗಿ, ಮಧ್ಯಾಹ್ನ ಕಳೆದ ಮೇಲೆ ನೀರು ಕದಡಿಕೊಳ್ಳುತ್ತದೆ. ನಾವೋ ಸೂರ್ಯಾಸ್ತದ ಆಸೆಗೆ ಎಲ್ಲರನ್ನೂ ಸಂಜೆಯೇ ಕರೆತಂದು, ಗಾಳಿ ಹೆಚ್ಚಿರುವ, ಬೆಳಕು ಕಡಿಮೆಯಾಗುತ್ತಿರುವ, ಜನಜಂಗುಳಿಯ ಹೊತ್ತಿನಲ್ಲೇ ನೀರಿಗೆ ಇಳಿಸುತ್ತಿದ್ದೆವು. ಈಗ ನೀರಿಗೆ ಇಳಿಯಬೇಕೆನ್ನುವವರನ್ನು ಬೆಳಗ್ಗೆ ಕರೆದೊಯ್ಯುತ್ತೇನೆ, ಜೀವರಕ್ಷಕರಿರುವ ತೀರಕ್ಕೆ ಮಾತ್ರ. ಮಕ್ಕಳಿರುವ ಕುಟುಂಬಕ್ಕೆ ಸಮಯವಿದ್ದರೆ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯನ್ನು ಸೂಚಿಸುತ್ತೇನೆ; ಬಟ್ಟೆ ಬದಲಿಸಲು ಜಾಗ, ಸ್ವಚ್ಛ ಶೌಚಾಲಯ ಇರುವುದು ತಾಯಂದಿರಿಗೆ ಸೂರ್ಯಾಸ್ತಕ್ಕಿಂತ ಮುಖ್ಯ. ಸಂಜೆಯ ಕಡಲು ದಡದಲ್ಲಿ ಕುಳಿತು ಚುರುಮುರಿ ತಿನ್ನುವವರಿಗೆ. ಅವರಿಗಾಗಿ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿಸಿ ತಣ್ಣೀರುಬಾವಿಗೆ ಕರೆದೊಯ್ಯುತ್ತೇನೆ: ಕೂಳೂರು ಸುತ್ತುವ ತಾಪತ್ರಯ ತಪ್ಪುತ್ತದೆ, ಟಿಪ್ಪುವಿನ ಕಾಲದ ಕಾವಲು ಬುರುಜು ನೋಡಿದಂತಾಗುತ್ತದೆ, ಮಕ್ಕಳಿಗೆ ದೋಣಿಯೇ ದಿನದ ಅತಿ ದೊಡ್ಡ ಸಂಭ್ರಮವಾಗಿಬಿಡುತ್ತದೆ.

ಮಳೆಗಾಲದ ವಿಷಯದಲ್ಲಿ ನಾನು ಮಾಲೀಕರೊಂದಿಗೆ ಒಂದೆರಡು ಬಾರಿ ಜಗಳವಾಡಿದ್ದೂ ಇದೆ. ಜುಲೈನಲ್ಲಿ ಫೋನು ಮಾಡಿ ಸೇಂಟ್ ಮೇರೀಸ್ ದ್ವೀಪ ತೋರಿಸುತ್ತೀರಾ ಎಂದು ಕೇಳುವವರಿಗೆ “ಬನ್ನಿ, ನೋಡೋಣ” ಎನ್ನುವ ಅಭ್ಯಾಸ ನಮ್ಮ ಕಚೇರಿಯಲ್ಲಿತ್ತು. ಮಲ್ಪೆಯಿಂದ ಆ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಲಾವಾ ತಣಿದು ಕಂಬಗಳಂತೆ ಸೀಳಿಕೊಂಡಿರುವ ಆ ಬಂಡೆಗಳನ್ನು ನೋಡಲೆಂದೇ ನೂರಾರು ಕಿಲೋಮೀಟರ್ ದಾಟಿ ಬಂದವರು ಮಲ್ಪೆಯ ದೋಣಿಕಟ್ಟೆಯಲ್ಲಿ ನಿಂತು ಹಿಂದಿರುಗುವುದು ಅನ್ಯಾಯ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅವರು ಆಸೆಪಟ್ಟ ಅಂಜಲ್ ಮೀನು ಕೂಡ ತಾಜಾ ಸಿಗುವುದು ಕಷ್ಟ. ಇದನ್ನೆಲ್ಲ ಫೋನಿನಲ್ಲೇ ಹೇಳಿಬಿಡಬೇಕು, ಹೇಳಿದ ಮೇಲೂ ಬರುವವರಿಗೆ ಮಳೆಗಾಲದ ಪ್ರವಾಸವನ್ನೇ ಬೇರೆಯಾಗಿ ಹೆಣೆಯಬೇಕು ಎಂಬುದು ನನ್ನ ವಾದವಾಗಿತ್ತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡಿನಿಂದ ಮಳೆ ಧಾರೆಯಾಗಿ ಇಳಿಯುವುದನ್ನು ಜಗಲಿಯಲ್ಲಿ ಕುಳಿತು ನೋಡಿದವರು ಸಮುದ್ರ ಸಿಗಲಿಲ್ಲವೆಂದು ನನ್ನೊಂದಿಗೆ ಇದುವರೆಗೆ ದೂರಿಲ್ಲ. ಅಲ್ಲಿಂದ ಕಾರ್ಕಳ ಹತ್ತಿರ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಮಳೆಯಲ್ಲಿ ತೊಯ್ದು ಕಪ್ಪಾಗಿ ಹೊಳೆಯುತ್ತಾನೆ.

ಒಂದನ್ನು ಮಾತ್ರ ನಾನು ಒಪ್ಪಿಲ್ಲ. ಉಳ್ಳಾಲದ ಕಡೆ ಕಡಲ್ಕೊರೆತ ಜೋರಾದಾಗ, ಅಲೆ ಮನೆಗಳ ಗೋಡೆಗೆ ಬಡಿಯುವುದನ್ನು ತೋರಿಸಿ ಎಂದು ಕೇಳುವವರಿರುತ್ತಾರೆ. ಯಾರದೋ ತೆಂಗಿನ ಮರ, ಯಾರದೋ ಅಂಗಳ ಕಡಲಿಗೆ ಹೋಗುತ್ತಿರುವಾಗ ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದಕ್ಕೆ ನಮ್ಮ ವಾಹನ ನಿಲ್ಲುವುದಿಲ್ಲ.

ಸ್ಥಳಗಳ ಸಂಖ್ಯೆ ಕಡಿಮೆ ಮಾಡಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆಂಬ ಮಾಲೀಕರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಕೆಲವರು ಹೋದರು, ಈಗಲೂ ಹೋಗುತ್ತಾರೆ. ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ. ಗೋಡೆಯ ಫಲಕದಲ್ಲಿ ಹನ್ನೊಂದೂ ಹೆಸರುಗಳಿವೆ. ಅದರಲ್ಲಿ ಐದನ್ನು ಆರಿಸಿಕೊಳ್ಳಿ ಎಂದು ನಾನು ಬಂದವರನ್ನು ಕೇಳುತ್ತೇನೆ, ಆರಿಸಲು ಕಷ್ಟಪಟ್ಟರೆ ಜೊತೆಗೆ ಕುಳಿತು ಹೊಡೆದುಹಾಕುತ್ತೇನೆ. ಮುಚ್ಚುವ ವೇಳೆಯಿರುವ ಸ್ಥಳಗಳಿಗೆ ಮೊದಲು ಗಂಟೆ ಗುರುತಿಸಿ, ಉಳಿದವನ್ನು ಆಮೇಲೆ ತುಂಬುತ್ತೇನೆ: ದೇವಸ್ಥಾನ ಮಧ್ಯಾಹ್ನಕ್ಕೆ ಮುಂಚೆ, ಕಾಪುವಿನ 1901ರ ದೀಪಸ್ತಂಭ ಹತ್ತಬೇಕೆಂದಿದ್ದರೆ ಸಂಜೆ, ಪಿಲಿಕುಳ ಸೋಮವಾರ ಬಿಟ್ಟು. ಚಾಪೆಲ್ಲಿಗೆ ಕನಿಷ್ಠ ಮುಕ್ಕಾಲು ಗಂಟೆ.

ಅರ್ಜಿಯ ಮೊದಲ ಪ್ರಶ್ನೆ ಈಗ ‘ನಿಮ್ಮಲ್ಲಿ ಸಮುದ್ರ ನೋಡದವರು ಎಷ್ಟು ಮಂದಿ?’ ಎಂದಿದೆ. ಕಳೆದ ತಿಂಗಳು ಬಳ್ಳಾರಿಯಿಂದ ಬಂದ ಎಂಟು ಮಂದಿಯ ಅರ್ಜಿಯಲ್ಲಿ ಅದರ ಎದುರು ‘ಮೂವರು’ ಎಂದು ಬರೆದಿತ್ತು. ವೇಳಾಪಟ್ಟಿಯ ಮೊದಲ ಸಾಲಿನಲ್ಲಿ ‘ಬೆಳಗ್ಗೆ 6.45, ಪಣಂಬೂರು’ ಎಂದು ಬರೆದು ಚಾಲಕರ ಕೈಗೆ ಕೊಟ್ಟೆ. ಅವರು ಕಿಸೆಯಿಂದ ಪೆನ್ಸಿಲ್ ತೆಗೆದು ಅದರ ಕೆಳಗೆ, ವಾಹನಕ್ಕೆ ಹತ್ತುವ ಮುನ್ನ ಕಾಲಿನ ಮರಳು ಒರೆಸಲು ‘ಗೋಣಿಚೀಲ, ಎರಡು’ ಎಂದು ಸೇರಿಸಿದರು.